ಬಣ್ಣದ ಬ್ರಷ್‌ಗಳ ಶುಚಿತ್ವ ಹಾಗೂ ಸಂರಕ್ಷಣೆ

ಬಣ್ಣ ಒಣಗಿದಲ್ಲಿ ಬ್ರಷ್‌ನ ಕೂದಲು ಗಡುಸಾಗಿ ಮರುಬಳಕೆಗೆ ಯೋಗ್ಯವಾಗಿರುವುದಿಲ್ಲ. ಆದ್ದರಿಂದ ಕೆಲಸ ಮುಗಿದ ಕೂಡಲೇ ಈ ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಉಳಿದ ಬಣ್ಣವನ್ನು ಹಳೆಯ ವೃತ್ತಪತ್ರಿಕೆಗೆ ಒರೆಸಿ ತೆಗೆಯುವುದು.

2. ಡಿಸ್ಟೆಂಪರ್, ಎಮಲ್ಷನ್ ಬಣ್ಣವಾದಲ್ಲಿ ಸಾಬೂನು ನೀರಿನಿಂದ ತೊಳೆಯುವುದು. ಎನಾಮೆಲ್ ಬಣ್ಣವಾದಲ್ಲಿ ಮೊದಲು ಟರ್ಪೆಂಟೈನ್‌ನಲ್ಲಿ, ನಂತರ ಸಾಬೂನು ನೀರಿನಲ್ಲಿ ತೊಳೆಯುವುದು. ತಗಡಿನ ಪಟ್ಟಿಯ ಬುಡದಲ್ಲಿ ಬಣ್ಣ ಉಳಿಯದಂತೆ ನೋಡಿಕೊಳ್ಳುವುದು.

3. ಕೂದಲನ್ನು ಬಾಚಿ ನೇರಗೊಳಿಸಿ, ನೆರಳಿನಲ್ಲಿ ಕೆಳಮುಖವಾಗಿ ತೂಗುಹಾಕಿ ಒಣಗಿಸಿದ ನಂತರ ಕಾಗದದಲ್ಲಿ ಸುತ್ತಿಡುವುದು.

ಎಚ್ಚರಿಕೆ: ಟರ್ಪೆಂಟೈನನ್ನು ಬೆಂಕಿಯ ಸಮೀಪ ಬಳಸಬಾರದು, ಚರಂಡಿಗೆ ಸುರಿಯಬಾರದು. ಬಳಸಿದ ಟರ್ಪೆಂಟೈನನ್ನು ಮುಚ್ಚಿಟ್ಟಲ್ಲಿ ಬಣ್ಣ ತಳಕ್ಕಿಳಿಯುವುದರಿಂದ ತಿಳಿಯನ್ನು ಪುನಃ ಉಪಯೋಗಿಸಬಹುದು. ಅಗಸೆ ಎಣ್ಣೆಯುಕ್ತ ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆಯಾಗಿಟ್ಟಲ್ಲಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸಂಭವವಿರುತ್ತದೆ. ಹೊರಗೆ ಹರಡಿ ಒಣಗಿಸತಕ್ಕದ್ದು.