ಆನೆ ಲಾಯದ ಹುಡುಗ ಮತ್ತು ವರ್ಕ್ ಪರ್ಮಿಟ್

ಸಿಎಸ್‌ಎಂಟಿಯಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆಯುವವರು ಜೆ.ಜೆ. ಸ್ಕೂಲ್ ಆಫ್ ಆರ್ಟ್ ನೋಡಿಯೇ ಇರುತ್ತೀರಿ. ‘ಜಂಗಲ್ ಬುಕ್’ ಬರೆದ ರಡ್ಯಾರ್ಡ್ ಕಿಪ್ಲಿಂಗ್ ಹುಟ್ಟಿದ್ದು ಆ ಆವರಣದಲ್ಲೇ, 1865ರ ಡಿಸೆಂಬರ್ 30ರಂದು. ಅಪ್ಪ ಅಲ್ಲಿ ಮೇಷ್ಟ್ರು. ನಮ್ಮ ವಯಸ್ಸಿನವರಿಗೆ ಆ ಪುಸ್ತಕ ಅಂದರೆ ದೂರದರ್ಶನದ ಮೋಗ್ಲಿ, ಗುಲ್ಜಾರ್ ಬರೆದ ಟೈಟಲ್ ಹಾಡು. ಆದರೆ ಅದಕ್ಕೆ ಅರ್ಧ ಶತಮಾನ ಮೊದಲೇ ಅದೇ ಪುಸ್ತಕದ ಒಂದು ಕಥೆ ನಮ್ಮ ಮೈಸೂರಿನಲ್ಲಿ ಸಿನಿಮಾ ಆಗಿತ್ತು. ಅದರಲ್ಲಿ ಮೋಗ್ಲಿ ಇರಲಿಲ್ಲ.

1894ರ ಆ ಪುಸ್ತಕದಲ್ಲಿ ತೂಮಾಯಿ ಎಂಬ ಮಾವುತರ ಹುಡುಗನ ಕಥೆ ಬರುತ್ತೆ. ಆನೆಗಳ ನಾಟ್ಯ ಯಾರೂ ನೋಡಿಲ್ಲ ಅಂತ ದೊಡ್ಡವರು ಹೇಳ್ತಾರೆ, ಹುಡುಗ ರಾತ್ರಿ ಆನೆ ಬೆನ್ನೇರಿ ಹೋಗಿ ನೋಡಿ ಬರ್ತಾನೆ. ಕಥೆ ನಡೆಯೋದು ಈಗಿನ ಮೇಘಾಲಯದ ಗಾರೋ ಬೆಟ್ಟಗಳಲ್ಲಿ. ಅಲ್ಲಿ ಆನೆ ಹಿಡಿಸುವ ಪೀಟರ್ಸನ್ ಸಾಹೇಬನ ಹಿಂದೆ ಇರುವುದು ಜಿ.ಪಿ. ಸ್ಯಾಂಡರ್ಸನ್ ಅನ್ನುವುದು ಬಹಳ ಜನರ ಅಭಿಪ್ರಾಯ. ಈ ಸ್ಯಾಂಡರ್ಸನ್ ಮೈಸೂರು ಸಂಸ್ಥಾನದಲ್ಲಿ ಕಾಲುವೆ ಕೆಲಸ ನೋಡಿಕೊಳ್ಳುತ್ತಿದ್ದವನು. ಚಾಮರಾಜನಗರದ ಕಡೆ ಖೆಡ್ಡಾ ಶುರು ಮಾಡಿ, ಆಮೇಲೆ ಬಂಗಾಳದ ಕಡೆ ಹೋಗಿ ಆನೆ ಹಿಡಿದ. ಅಂದಮೇಲೆ 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ‘ಎಲಿಫೆಂಟ್ ಬಾಯ್’ ತೆಗೆಯಲು ಮೈಸೂರಿಗೆ ಬಂದಾಗ ಪುಸ್ತಕದ ಜಾಗ ಬದಲಾಯಿತು ಅನ್ನೋದಕ್ಕಿಂತ ಕಥೆ ತವರಿಗೆ ಬಂತು ಅನ್ನಬಹುದು.

ತೂಮಾಯಿ ಪಾತ್ರಕ್ಕೆ ಸಿಕ್ಕಿದ್ದು ಸಾಬು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದವನು. ಅಪ್ಪ ಮಾವುತ, ತೀರಿಕೊಂಡಿದ್ದ. ಹುಡುಗ ಮಹಾರಾಜರ ಆನೆ ಲಾಯದಲ್ಲಿ ಬೆಳೆಯುತ್ತಿದ್ದ. ಅರಮನೆಯ ಐರಾವತ ಕಥೆಯ ಕಾಲಾ ನಾಗ್ ಆಯಿತು. ಟೀಮ್ ಔಟಿಂಗ್ ಅಂತ ಕಬಿನಿ ಲಾಡ್ಜ್‌ಗಳಿಗೆ ಹೋಗ್ತೀವಲ್ಲ, ಅದೇ ಕಾರಾಪುರ. ಪಕ್ಕದ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಿದ್ದು 1971ರಲ್ಲಿ. ಆ ಕಾಡಿನ ಬಹಳಷ್ಟು ಭಾಗ ಈಗ ಕಬಿನಿ ಹಿನ್ನೀರಿನ ಕೆಳಗಿದೆ.

ಫ್ಲಾಹರ್ಟಿ ಕಾಡಿನಲ್ಲಿ ತಿಂಗಳುಗಟ್ಟಲೆ ಶೂಟ್ ಮಾಡುತ್ತಲೇ ಇದ್ದ. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾಗೆ ಬೇಕಿದ್ದದ್ದು ಕಥೆ. ಕೊನೆಗೆ ಎಲ್ಲರನ್ನೂ ಇಂಗ್ಲೆಂಡಿಗೆ ಕರೆಸಿ, ತಮ್ಮ ಜೋಲ್ಟನ್ ಕೈಯಲ್ಲಿ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಉಳಿದ ದೃಶ್ಯ ಮಾಡಿಸಿದ. 1937ರಲ್ಲಿ ವೆನಿಸ್‌ನಲ್ಲಿ ಇಬ್ಬರಿಗೂ ಸೇರಿ ನಿರ್ದೇಶನದ ಪ್ರಶಸ್ತಿ ಬಂತು. ಸಿನಿಮಾ ನೋಡಿದರೆ ಎರಡು ಕೋಡ್‌ಬೇಸ್ ಮರ್ಜ್ ಮಾಡಿದ ಜಾಗ ಎದ್ದು ಕಾಣುತ್ತೆ. ಹುಡುಗ ಆನೆ ಜೊತೆಗಿರುವಷ್ಟು ಹೊತ್ತು ಎಲ್ಲಾ ನಿಜ. ಸಾಹೇಬರು ಮಾತಾಡಲು ಶುರು ಮಾಡಿದರೆ ನಾಟಕ.

ನನಗೆ ಬೇಜಾರಾಗುವುದು ಅಪ್ಪನ ವಿಷಯಕ್ಕೆ. ಪುಸ್ತಕದಲ್ಲಿ ದೊಡ್ಡ ತೂಮಾಯಿ ಬದುಕಿದ್ದಾನೆ, ಮತ್ತು ಸದಾ ಗೊಣಗುತ್ತಾನೆ: ಈ ಕಾಡಿನ ಕ್ಯಾಂಪ್ ಯಾರಿಗೆ ಬೇಕು, ಕಾನ್ಪುರದ ಬ್ಯಾರಕ್ಕೇ ಚೆನ್ನಾಗಿತ್ತು, ಹತ್ತಿರದಲ್ಲೇ ಬಜಾರು, ದಿನಕ್ಕೆ ಮೂರೇ ಗಂಟೆ ಕೆಲಸ. ಆನ್‌ಸೈಟ್ ಪೋಸ್ಟಿಂಗ್‌ನಲ್ಲಿ ಸಿಕ್ಕಿಹಾಕಿಕೊಂಡವರ ಹಾಗೇ! ಸಿನಿಮಾ ಅವನನ್ನು ಹುಲಿ ಬಾಯಿಗೆ ಕೊಟ್ಟು ಮುಗಿಸುತ್ತೆ. ಅಲ್ಲಿಗೆ ಕೆಲಸ, ಸಂಬಳ, ವರ್ಗಾವಣೆಯ ಮಾತೂ ಹೋಯಿತು. ಉಳಿದಿದ್ದು ಹುಡುಗ, ಆನೆ, ಕಾಡು.

ಸಾಬು ವಾಪಸ್ ಲಾಯಕ್ಕೆ ಬರಲಿಲ್ಲ. 1940ರಲ್ಲಿ ‘ಥೀಫ್ ಆಫ್ ಬಾಗ್ದಾದ್’, 1942ರಲ್ಲಿ ಕೊನೆಗೂ ಮೋಗ್ಲಿಯಾಗಿ ‘ಜಂಗಲ್ ಬುಕ್’. ನಿಜವಾದ ಕಾಡಿನಿಂದ ಬಂದವನು ಈ ಸಲ ಕ್ಯಾಲಿಫೋರ್ನಿಯಾದಲ್ಲಿ ಹಾಕಿದ ಸೆಟ್ಟಿನ ಕಾಡಲ್ಲಿ ಓಡಾಡಿದ, ಹಾವು ರಬ್ಬರಿನದು. 1944ರಲ್ಲಿ ಅಮೆರಿಕದ ಪ್ರಜೆಯಾದ, ಯುದ್ಧ ವಿಮಾನದಲ್ಲಿ ಗನ್ನರ್ ಆಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಯುದ್ಧ ಮುಗಿದ ಮೇಲೆ ಹಾಲಿವುಡ್‌ನಲ್ಲಿ ಒಳ್ಳೆಯ ಪಾತ್ರಗಳು ಕಡಿಮೆಯಾದವು. ದೊಡ್ಡವನಾದ ತೂಮಾಯಿಗೆ ಅಲ್ಲಿ ಯಾರೂ ಕಥೆ ಬರೆದಿರಲಿಲ್ಲ.

1950ರ ದಶಕದಲ್ಲಿ ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಸಾಬುವನ್ನು ಕರೆದ. ಸಾಬು ಮುಂಬೈಗೆ ಬಂದು ಚರ್ಚ್‌ಗೇಟ್ ಹತ್ತಿರದ ಅಂಬಾಸಡರ್ ಹೋಟೆಲಿನಲ್ಲಿ ಉಳಿದುಕೊಂಡ. ಕೆಲಸ ತಡವಾಗುತ್ತಾ ಹೋಯಿತು. ಅಮೆರಿಕದ ಪ್ರಜೆ ಆದ್ದರಿಂದ ಹುಟ್ಟಿದ ದೇಶದಲ್ಲೇ ವರ್ಕ್ ಪರ್ಮಿಟ್ ಬೇಕು, ಅದು ಸಿಗುವುದು ಕಷ್ಟವಾಯಿತು. ಎಚ್-1ಬಿ ಸ್ಟಾಂಪಿಂಗ್‌ಗೆ ಕಾದವರಿಗೆ ಆ ಹೋಟೆಲ್ ರೂಮಿನ ದಿನಗಳನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. ಸಾಬು ಒಂದೂ ಹಿಂದಿ ಸಿನಿಮಾ ಮಾಡದೆ ವಾಪಸ್ ಹೋದ. 1963ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 39.