ರಾಯಚೂರು ಕೋಟೆಯ ದೊಡ್ಡ ಕಲ್ಲು

ಪಾಳುಬಿದ್ದ ಕೋಟೆಗಳನ್ನು ನೋಡಹೋಗುವವರಲ್ಲಿ ಶಾಸನದ ಪಡಿಯಚ್ಚನ್ನು ತೆಗೆಯುವ ವಿದ್ವಾಂಸರೂ ಉಂಟು. ಬುತ್ತಿ ಕಟ್ಟಿಕೊಂಡು ಹೆಂಡಿರುಮಕ್ಕಳೊಡನೆ ಒಂದು ಹಗಲನ್ನು ಕಳೆದು ಬರುವ ಗೃಹಸ್ಥರೂ ಉಂಟು. ವಿದ್ವಾಂಸರು ಅಕ್ಷರಗಳಲ್ಲಿ ಮುಳುಗಿ ಅವನ್ನು ಹೊತ್ತಿರುವ ಕಲ್ಲನ್ನು ಮರೆಯುವುದು ಅಪರೂಪವಲ್ಲ. ಗೃಹಸ್ಥರಿಗಾದರೋ ಕಲ್ಲು ಮಾತ್ರವೇ ಕಾಣುತ್ತದೆ. ರಾಯಚೂರಿನ ಕೋಟೆಯ ವಿಷಯದಲ್ಲಿ ಈ ಎರಡನೆಯ ನೋಟಕ್ಕೂ ಚರಿತ್ರೆಯಲ್ಲಿ ಸ್ಥಾನವಿರತಕ್ಕದ್ದೆಂದು ತೋರಿದುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಮಿಯನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆನಾಡೆಂದು ಕರೆಯುತ್ತವೆ. ಈ ನಾಡಿಗಾಗಿ ನಡೆದಷ್ಟು ಯುದ್ಧಗಳು ದಕ್ಷಿಣಾಪಥದ ಮತ್ತಾವ ತುಂಡು ನೆಲಕ್ಕಾಗಿಯೂ ನಡೆದಿರಲಾರವು. ಅದರ ಮುಖ್ಯ ದುರ್ಗವಾದ ರಾಯಚೂರಿಗೆ ಒಳಗೊಂದು ಹೊರಗೊಂದು ಎರಡು ಸುತ್ತಿನ ಗೋಡೆಗಳಿವೆ. ಒಳಸುತ್ತು ಹಳೆಯದು, ಭಾರಿಯ ಕಲ್ಲುಗಳನ್ನು ಚೊಕ್ಕವಾಗಿ ಕಡೆದು, ಗಾರೆಯಿಲ್ಲದೆ, ಒಂದರ ಮೇಲೊಂದನ್ನು ಕೂಡಿಸಿ ಕಟ್ಟಿದುದು. ಹೊರಸುತ್ತನ್ನು ಬಿಜಾಪುರದ ಇಬ್ರಾಹೀಂ ಆದಿಲಶಹನು ಸುಮಾರು 1549ರಲ್ಲಿ ಕಟ್ಟಿಸಿದನು. ಒಳಗೋಡೆಯ ಸೈಲಾನಿ, ಸಿಕಂದರಿ ಬಾಗಿಲುಗಳನ್ನೂ ಹೊರಗೋಡೆಯ ಮೆಕ್ಕಾ, ನವರಂಗಿ, ಕಾಟಿ, ಖಂದಕ, ದೊಡ್ಡಿ ಎಂಬ ಐದು ಬಾಗಿಲುಗಳನ್ನೂ ಒಂದೊಂದಾಗಿ ವರ್ಣಿಸುವುದು ಇಲ್ಲಿ ಪ್ರಕೃತವಲ್ಲ.

ಪ್ರಕೃತವಾದುದು ಪಶ್ಚಿಮದ ಒಳಗೋಡೆಯಲ್ಲಿರುವ ಒಂದೇ ಒಂದು ಕಲ್ಲು. ಅದರ ಉದ್ದ ಸುಮಾರು 41 ಅಡಿ. ಅದರ ಮೇಲೆ ಶಾಲಿವಾಹನ ಶಕ 1216ರ, ಎಂದರೆ ಕ್ರಿ. ಶ. 1294ರ ಶಾಸನವಿದೆ. ಗೋರೆ ಗನ್ನಯ ರೆಡ್ಡಿಯ ಅಧೀನನಾದ ವಿಠಲನೆಂಬ ದಂಡನಾಯಕನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ಸ್ಥಳಗಳನ್ನು ಸಾಧಿಸಿ, ಬಳಿಕ ರಾಚೂರನ್ನು ಹೊಕ್ಕು, ಅಲ್ಲಿಯ ಜನರ ರಕ್ಷಣೆಗಾಗಿ ಈ ಕೋಟೆಯನ್ನು ಕಟ್ಟಿಸಿದನೆಂಬುದು ಅದರ ಸಾರ. ಆದವಾನಿಯೆಂದರೆ ಇಂದಿನ ಆದೋನಿ, ಮಾನುವವೆಂದರೆ ಮಾನ್ವಿ. ಗನ್ನಯನನ್ನು ಕಾಕತೀಯರ ಚರಿತ್ರಕಾರರು ಗೋನ ಮನೆತನದ ಗನ್ನಾರೆಡ್ಡಿಯೆಂದು ಗುರುತಿಸಿದ್ದಾರೆ. ತೆಲುಗಿನ ರಂಗನಾಥರಾಮಾಯಣದ ಕರ್ತೃವಾದ ಬುದ್ಧಾರೆಡ್ಡಿಯೂ ಗೋನ ಮನೆತನದವನೇ ಆದುದರಿಂದ ಸಾಹಿತ್ಯಾಭ್ಯಾಸಿಗಳಿಗೆ ಈ ಹೆಸರು ಹೊಸತಲ್ಲ. ಹಳೆಯ ಗೆಜೆಟಿಯರುಗಳಲ್ಲಿ ಇದು ‘ಗೋರೆ ಗಂಗಯ್ಯ ರುದ್ದಿವಾರು’ ಎಂದು ವಿರೂಪಗೊಂಡು, ಅಲ್ಲಿಂದ ಪ್ರವಾಸಿಗಳ ಕೈಪಿಡಿಗಳಿಗೂ ಇಳಿದಿದೆ.

ಹೆಸರಿಗಿಂತ ದೊಡ್ಡ ತಪ್ಪು ಇನ್ನೊಂದುಂಟು. ಈ ಕೋಟೆ ರಾಣಿ ರುದ್ರಮದೇವಿಯ ಕಾಲದ್ದೆಂದು ಈಗಲೂ ಹೇಳುವರು, ಬರೆಯುವರು. ರುದ್ರಮದೇವಿಯ ಆಳಿಕೆಯನ್ನು 1295ರ ವರೆಗೆ ಎಣಿಸುತ್ತಿದ್ದ ದಿನಗಳಲ್ಲಿ ಇದು ಸಹಜವೇ ಆಗಿತ್ತು. ಆದರೆ ನಲ್ಗೊಂಡ ಸೀಮೆಯ ಚಂದುಪಟ್ಲದಲ್ಲಿ ದೊರೆತ 1289ರ ಶಾಸನವು, ರುದ್ರಮದೇವಿಯೂ ಅವಳ ಸೇನಾನಿ ಮಲ್ಲಿಕಾರ್ಜುನ ನಾಯಕನೂ ಶಿವಲೋಕವನ್ನೈದಿದುದನ್ನು ತಿಳಿಸಿ, ಅವರ ಪುಣ್ಯಾರ್ಥವಾಗಿ ಬಿಟ್ಟ ದತ್ತಿಯನ್ನು ಹೇಳುತ್ತದೆ. ಹೀಗಿರಲಾಗಿ, ಅದಾದ ಐದು ವರ್ಷಗಳ ಮೇಲೆ ರಾಯಚೂರಿನಲ್ಲಿ ಕಲ್ಲು ನಿಲ್ಲಿಸಿದವರು ಅವಳ ಮೊಮ್ಮಗನಾದ ಪ್ರತಾಪರುದ್ರನ ಆಳಿಕೆಯವರೆಂದೇ ಹೇಳಬೇಕು. ಪ್ರತಾಪರುದ್ರನೆಂದೊಡನೆ ನಮಗೆ ನೆನಪಾಗುವುದು 1323ರ ಓರುಗಲ್ಲಿನ ಪತನ. ಅವನ ಮೊದಲ ವರ್ಷಗಳಲ್ಲಿ ಕಾಕತೀಯರ ಕೈ ಪಶ್ಚಿಮಕ್ಕೆ, ದೇವಗಿರಿಯ ಯಾದವರ ಎಡೆಗೆ, ಇಷ್ಟು ದೂರ ಚಾಚಿತ್ತೆಂಬುದನ್ನು ಈ ಕಲ್ಲು ಸಾರುತ್ತದೆ. ಕೋಟೆಯ ಹೆಸರು ರಾಣಿಯಿಂದ ಮೊಮ್ಮಗನಿಗೆ ದಾಟಿದರೆ ನೋಡುವವರಿಗೇನು ನಷ್ಟವೆಂದು ಕೇಳಬಹುದು. ರಾಣಿಯ ಹೆಸರಿನ ಬೆಳಕಿನಲ್ಲಿ ಕೆಲಸಮಾಡಿಸಿದ ವಿಠಲನು ಮರೆಯಾದನೆಂಬುದು ಒಂದು ನಷ್ಟ. ಕೆಲಸಮಾಡಿದವರು ಇನ್ನೂ ಹಿಂದಕ್ಕೆ ಸರಿದರೆಂಬುದು ಮತ್ತೊಂದು.

ಆ ಕೆಲಸದವರಾದರೋ ಅಲ್ಲಿಯೇ ಇದ್ದಾರೆ. ಶಾಸನದ ಬಳಿಯಲ್ಲಿ, ಗೋಡೆಯ ಮೇಲೆಯೇ, ಈ ದೊಡ್ಡ ಕಲ್ಲನ್ನು ಗಣಿಯಿಂದ ತಂದ ಬಗೆಯನ್ನು ರೇಖೆಗಳಲ್ಲಿ ಕೊರೆದಿದ್ದಾರೆ. ಗಿಡ್ಡ ಗಾಲಿಗಳ ಬಂಡಿಯೊಂದರ ಮೇಲೆ ಕಲ್ಲು ಮಲಗಿದೆ. ಗಾಲಿಗಳಿಗೆ ಅರಗಳಿಲ್ಲ, ಇಡಿಯ ಹಲಗೆಯ ಚಕ್ರಗಳು. ಮುಂದೆ ಸಾಲಾಗಿ ಹೂಡಿದ ಕೋಣಗಳು, ಅವನ್ನು ಹುರಿದುಂಬಿಸುವ ಆಳುಗಳು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ಮಧ್ಯಯುಗದ ನಮ್ಮ ಕಟ್ಟಡಗಳಲ್ಲಿ ಸ್ತುತಿಶಿಲ್ಪಕ್ಕೇನೂ ಕೊರತೆಯಿಲ್ಲ. ಕಟ್ಟಿದ ರೀತಿಯನ್ನೇ ಕಟ್ಟಡದ ಮೇಲೆ ಬರೆದಿಟ್ಟ ಉದಾಹರಣೆ ಮಾತ್ರ ಬಲು ವಿರಳ.

ಇದನ್ನು ನಾವು ಮನೆಮಂದಿಯೆಲ್ಲ ಕೂಡಿ ನೋಡಿದ ದಿನದ ಎರಡು ಮಾತುಗಳನ್ನು ಇಲ್ಲಿ ಹೇಳದೆ ಇರಲಾರೆ. ಅಂದು ನಮ್ಮೊಡನೆ ಬಂದಿದ್ದ ಸೋದರಮಾವನವರು ಒಕ್ಕಲುತನದಲ್ಲಿ ಮುಪ್ಪಾದವರು. ಶಾಸನವನ್ನು ನಾನು ವಿವರಿಸುತ್ತಿದ್ದಾಗ ಅವರಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಚಿತ್ರವನ್ನು ಮಾತ್ರ ಬಹಳ ಹೊತ್ತು ನೋಡಿದರು. “ಇವು ಎತ್ತಲ್ಲೋ ತಮ್ಮಾ, ಕೋಣ” ಎಂದರು. ಎತ್ತು ಬೆದರಿದರೆ ಮುಂದಕ್ಕೆ ಹಾರುತ್ತದೆ, ಹಾರಿದರೆ ಮಿಣಿ ಹರಿಯುತ್ತದೆ. ಕೋಣ ಮೆಲ್ಲಗೆ ಹೆಜ್ಜೆಯಿಟ್ಟು ಒಂದೇ ಸಮನೆ ಎಳೆಯುತ್ತದೆಯೆಂಬುದು ಅವರ ವಿವರಣೆ. ಕಲ್ಲಿಗೆ ಒಂದು ಅಡಿ ಅಗಲ, ಒಂದು ಅಡಿ ದಪ್ಪವೆಂದು ಅತಿ ಕಡಿಮೆ ಹಿಡಿದರೂ 41 ಅಡಿಯ ಬೆಣಚುಕಲ್ಲಿನ ತೂಕ ಮೂರು ಟನ್ನಿಗೆ ಇಳಿಯದು. ನಿಜವಾದ ತೂಕ ಅದರ ಹಲವು ಪಟ್ಟು ಇರಬೇಕು. ಅಂತಹ ಭಾರಕ್ಕೆ ವೇಗ ಬೇಡ, ಸಮನಾದ ಸೆಳೆತ ಬೇಕು. ಅರವಿಲ್ಲದ ಗಾಲಿಗೂ ಗಿಡ್ಡ ಬಂಡಿಗೂ ಇದೇ ಕಾರಣ. ಶಿಲ್ಪಿಯು ಕಂಡದ್ದನ್ನೇ ಕೊರೆದಿದ್ದಾನೆ, ಅಲಂಕಾರಕ್ಕಾಗಿ ಕಲ್ಪಿಸಿಲ್ಲವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗದು.

ಇನ್ನೊಂದು ನನ್ನ ಮಗಳ ಪ್ರಶ್ನೆ. “ತಂದದ್ದು ಸರಿ ಅಪ್ಪಾ, ಬಂಡಿಯಿಂದ ಇಳಿಸಿ ಗೋಡೆಗೆ ಇಟ್ಟದ್ದು ಹೇಗೆ?” ಚಿತ್ರವು ಇದಕ್ಕೆ ಉತ್ತರ ಕೊಡುವುದಿಲ್ಲ. ಆದರೆ 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ತುಗೀಜ ಕುದುರೆವ್ಯಾಪಾರಿ ಫೆರ್ನಾವ್ ನೂನಿಜನು ರಾಯಚೂರಿನ ಗೋಡೆಗಳನ್ನು ವರ್ಣಿಸುತ್ತ, ಸುಣ್ಣವಿಲ್ಲದೆ ದೊಡ್ಡ ಕಲ್ಲುಗಳಿಂದ ಕಟ್ಟಿ ಒಳಬದಿಗೆ ಮಣ್ಣು ತುಂಬಿದ್ದಾರೆಂದು ಹೇಳುತ್ತಾನೆ. ಆ ಮಣ್ಣಿನ ಇಳಿಜಾರೇ ಬಂಡಿಯ ದಾರಿಯಾಗಿದ್ದೀತೆಂದು ನನ್ನ ಊಹೆ. ಗೋಡೆ ಒಂದು ಸಾಲು ಏರಿದಂತೆ ಹಿಂದಿನ ಮಣ್ಣನ್ನೂ ಏರಿಸಿ, ಕೋಣಗಳು ಕಲ್ಲನ್ನು ಅದರ ಸ್ಥಾನದ ಮಟ್ಟಕ್ಕೇ ಎಳೆದು ತಂದ ಮೇಲೆ, ಸನ್ನೆಗೋಲಿನಿಂದ ಹೊರಳಿಸುವುದೊಂದೇ ಉಳಿಯುತ್ತದೆ. ಎತ್ತುವ ಯಂತ್ರವೇನೂ ಬೇಕಿಲ್ಲ. ಮಣ್ಣು ಹೀಗೆ ಕಟ್ಟುವಾಗ ಮೆಟ್ಟಿಲಾಗಿ, ಕಟ್ಟಿದ ಮೇಲೆ ಗೋಡೆಗೆ ಬೆನ್ನಾಗಿ, ಎರಡು ಕೆಲಸಕ್ಕೂ ಒದಗಿತು.

ನೂನಿಜನ ಬರಹದಲ್ಲಿ ಈ ಗೋಡೆಯ ಇನ್ನೊಂದು ಕಥೆಯಿದೆ. ಅವನು ಮುತ್ತಿಗೆಯ ವರ್ಷವನ್ನು 1522 ಎನ್ನುತ್ತಾನೆ; ಅದನ್ನು 1520 ಎಂದು ತಿದ್ದಬೇಕೆಂಬ ರಾಬರ್ಟ್ ಸಿವೆಲ್ಲನ ವಾದವನ್ನು ಈಗ ಬಹುಮಟ್ಟಿಗೆ ಒಪ್ಪಿದ್ದಾರೆ. ಆ ವರ್ಷ ಕೃಷ್ಣದೇವರಾಯನ ಸೈನ್ಯ ಕೋಟೆಯನ್ನು ಮುತ್ತಿತು. ಮೇಲಿನಿಂದ ಬಾಣ, ಕಲ್ಲು, ಗುಂಡುಗಳ ಮಳೆ. ಗೋಡೆಯ ಬುಡಕ್ಕೆ ಹೋಗಲು ಆಳುಗಳು ಹಿಂಜರಿದರು. ಆಗ ನಾಯಕರು ಒಂದು ಉಪಾಯ ಮಾಡಿದರು. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಹಣ ಕೊಟ್ಟು ಕೊಂಡುಕೊಳ್ಳತೊಡಗಿದರು! ಗೋಡೆ ಹಲವೆಡೆ ಬಯಲಾಯಿತು. ಯುದ್ಧದ ಇತಿಹಾಸಗಳು ಕ್ರಿಸ್ತೊವಾವ್ ಫಿಗೆರೇದೊ ಎಂಬ ಪೋರ್ತುಗೀಜನ ಕೋವಿಕಾರರನ್ನೇ ಹೆಚ್ಚಾಗಿ ಹೊಗಳುತ್ತವೆ. ಅವರ ಗುಂಡುಗಳಿಗೆ ಅಂಜಿ ಕೋಟೆಯವರು ತಲೆ ಹೊರಹಾಕದಾದರು, ಇಣಿಕಿ ನೋಡಿದ ಕಿಲ್ಲೇದಾರನು ಹಣೆಗೆ ಗುಂಡು ತಗುಲಿ ಸತ್ತನು ಎಂಬುದು ದಿಟ. ಆದರೆ ಕೋವಿಯ ಕೆಲಸ ಕಲ್ಲು ಕೀಳುವವರಿಗೆ ಬಿಡುವು ದೊರಕಿಸುವುದಾಗಿತ್ತು. ಗೋಡೆಯನ್ನು ಬಿಚ್ಚಿದುದು ಗುದ್ದಲಿ ಹಾರೆಗಳು.

ಗಾರೆಯಿಲ್ಲದ ಗೋಡೆ ತನ್ನ ಭಾರದಿಂದಲೇ ನಿಲ್ಲುತ್ತದೆ. ಅದರ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಮೀಟಿ ತೆಗೆಯಬಹುದು, 41 ಅಡಿಯದನ್ನು ಮೀಟಲಾಗದು. ವಿಠಲನ ಕೆಲಸದವರು ಇಷ್ಟು ಶ್ರಮಪಟ್ಟು ಒಂದೇ ಕಲ್ಲನ್ನು ತಂದುದಕ್ಕೆ ಶಾಸನದ ವೈಭವವೊಂದೇ ಕಾರಣವಲ್ಲವೆಂದು ಇದರಿಂದ ಊಹಿಸಬಹುದು. ಅವರ ಸನ್ನೆಗೋಲಿಗೂ ಮುತ್ತಿಗೆಯವರ ಹಾರೆಗೂ ತತ್ತ್ವವೊಂದೇ. ಅದರ ಶಕ್ತಿ ಎಲ್ಲಿಯವರೆಗೆ ಎಂಬುದನ್ನು ಆ ಜನ ಕೈಯಿಂದಲೇ ಬಲ್ಲವರಾಗಿದ್ದರು.

ಕಿಲ್ಲೇದಾರನು ಸತ್ತ ಮೇಲೆ ಊರವರು ಬಾಗಿಲು ತೆರೆದು ಶರಣುಬಂದರು. ರಾಯನು ಅವರನ್ನು ಆದರಿಸಿ, ಅವರ ಒಡವೆ ವಸ್ತುಗಳಿಗೆ ಕೇಡಿಲ್ಲವೆಂದೂ, ಹೋಗಬಯಸುವವರು ತಮ್ಮದೆಲ್ಲವನ್ನೂ ಕೊಂಡು ಹೋಗಬಹುದೆಂದೂ ಅಭಯವಿತ್ತನೆಂದು ನೂನಿಜನು ಬರೆದಿದ್ದಾನೆ. ಕೋಟೆಯೊಳಗೆ ಹೆಂಗಸರು ಮಕ್ಕಳೊಡನೆ ಸಂಸಾರಗಳು ಇದ್ದುವೆಂಬುದು ಆ ಬರಹದಲ್ಲಿ ನಮಗೆ ಅರಿವಿಗೆ ಬರುವುದು ಈ ಒಂದು ಎಡೆಯಲ್ಲಿ ಮಾತ್ರ. 1565ರ ತರುವಾಯ ರಾಯಚೂರು ಮತ್ತೆ ಬಿಜಾಪುರದವರ ಕೈಸೇರಿತು. ಬೆಟ್ಟದ ತುದಿಯ ದುರ್ಗದಲ್ಲಿ ವರ್ಷವೆಲ್ಲ ಬತ್ತದ ಒಂದು ಒರತೆಯಿದ್ದಿತೆಂದೂ, ಅಷ್ಟು ಎತ್ತರದಲ್ಲಿ ನೀರಿರುವುದನ್ನು ಜನರು ದೈವಿಕವೆಂದು ಎಣಿಸುತ್ತಿದ್ದರೆಂದೂ ನೂನಿಜನೇ ಹೇಳುತ್ತಾನೆ. ಅದನ್ನು ನೋಡಬೇಕೆಂದು ಮಕ್ಕಳು ಹಟಹಿಡಿದು ಬೆಟ್ಟವನ್ನೇರಿದರು. ಮಾವನವರು ಮಾತ್ರ ಕೆಳಗೆ ಕೋಣಗಳ ಎದುರಿಗೇ ಕುಳಿತಿದ್ದರು.