ಎದೆಹಾಲಿನ ಬ್ಯಾಂಕ್, ಮುಂಬೈ
ಹೆತ್ತ ತಾಯಿಯ ಹಾಲು ಸಾಕಷ್ಟು ದೊರೆಯದ, ಅವಧಿಗೆ ಮುನ್ನ ಹುಟ್ಟಿದ ಅಥವಾ ಕಡಿಮೆ ತೂಕದ ಶಿಶುಗಳಿಗಾಗಿ ಇತರ ಬಾಣಂತಿಯರು ದಾನವಾಗಿ ನೀಡಿದ ಹಾಲನ್ನು ಸಂಗ್ರಹಿಸಿ, ಸಂಸ್ಕರಿಸಿ, ವಿತರಿಸುವ ಘಟಕ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಇಂಥ ಬ್ಯಾಂಕನ್ನು ನವಜಾತ ಶಿಶುತಜ್ಞೆ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಸಯಾನ್‌ನ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆಯಲ್ಲಿ ಸ್ಥಾಪಿಸಿದರು; ಅವರೇ 1999ರಲ್ಲಿ ಆರಂಭಿಸಿದ ‘ಸ್ನೇಹಾ’ ಸಂಸ್ಥೆ ಕೊಳೆಗೇರಿಗಳ ತಾಯಿ-ಮಕ್ಕಳ ಆರೋಗ್ಯಕ್ಕಾಗಿ ದುಡಿಯುತ್ತಿದೆ.

ದಾನಿಗಳ ಆರೋಗ್ಯ ತಪಾಸಣೆಯ ಬಳಿಕ ಪಡೆದ ಹಾಲನ್ನು ಪಾಶ್ಚರೀಕರಣಕ್ಕೆ, ಅಂದರೆ 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ ರೋಗಾಣುಗಳನ್ನು ನಾಶಪಡಿಸುವ ಕ್ರಿಯೆಗೆ, ಒಳಪಡಿಸಿ ಶೀತಲ ಪೆಟ್ಟಿಗೆಯಲ್ಲಿ ಕಾಪಿಡಲಾಗುತ್ತದೆ. ಎದೆಹಾಲಿಗೆ ಬದಲಾಗಿ ಬಳಸುವ, ಸಾಮಾನ್ಯವಾಗಿ ಹಸುವಿನ ಹಾಲನ್ನು ಮಾರ್ಪಡಿಸಿ ತಯಾರಿಸುವ ಶಿಶು ಹಾಲುಪುಡಿ ಪೋಷಣೆ ನೀಡುವುದಾದರೂ, ಸೋಂಕನ್ನು ತಡೆಯುವ ತಾಯಿಯ ಪ್ರತಿಕಾಯಗಳು ಅದರಲ್ಲಿ ಇರುವುದಿಲ್ಲ. ಅಶುದ್ಧ ನೀರಿನಲ್ಲಿ ಕದಡಿದರೆ ಅತಿಸಾರದ ಅಪಾಯವೂ ಉಂಟು. ಈ ಹಾಲುಪುಡಿಯ ಜಾಹೀರಾತನ್ನು ಭಾರತದ 1992ರ ಶಿಶು ಹಾಲು ಬದಲಿಗಳ ಕಾಯಿದೆ ನಿಷೇಧಿಸಿದೆ.

ಹೆತ್ತ ತಾಯಿಯೇ ಹಾಲೂಡಿಸುವುದೂ ಸುಲಭವಲ್ಲ: ಮೊದಲ 6 ತಿಂಗಳು ಎದೆಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದರೂ, ಹಗಲಿರುಳು ಕೆಲವೇ ಗಂಟೆಗಳಿಗೊಮ್ಮೆ ಹಾಲೂಡಿಸುವ ಶ್ರಮಕ್ಕೆ ಬಿಡುವು ಮತ್ತು ಮನೆಯವರ ನೆರವು ಅಗತ್ಯ. ಭಾರತದ ಹೆರಿಗೆ ಸೌಲಭ್ಯ ಕಾಯಿದೆಗೆ ತಂದ 2017ರ ತಿದ್ದುಪಡಿಯು ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ ಒದಗಿಸಿದೆಯಾದರೂ, ಮನೆಗೆಲಸದಂಥ ಅಸಂಘಟಿತ ದುಡಿಮೆಯ ಮಹಿಳೆಯರಿಗೆ ಅದು ಬಹುಮಟ್ಟಿಗೆ ದೊರೆಯುವುದಿಲ್ಲ.